ಕ್ಯಾನ್ಸರ್ ಚಿಕಿತ್ಸೆಗೆ ಊರು ಬಿಟ್ಟು ಹೋಗಬೇಕಾದಾಗ: ದಾವಣಗೆರೆ, ಚಿತ್ರದುರ್ಗದ ರೈತ ಕುಟುಂಬಗಳಿಗೊಂದು ಸಮಗ್ರ ಮಾರ್ಗದರ್ಶಿ

ರೈತರ ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಅಂತ ಗೊತ್ತಾದ ದಿನ ಮೊದಲು ಏಳುವ ಪ್ರಶ್ನೆ, ‘ಎಲ್ಲಿಗೆ ಕರ್ಕೊಂಡು ಹೋಗೋದು?’ ಎರಡನೆಯದು, ‘ಎಷ್ಟು ಖರ್ಚಾಗುತ್ತೆ?’ ಈ ಎರಡಕ್ಕೂ ಹೇಗೋ ಉತ್ತರ ಸಿಗುತ್ತದೆ. ಆದರೆ ಚಿಕಿತ್ಸೆ ಅರ್ಧಕ್ಕೇ ನಿಲ್ಲುವುದು ಯಾರೂ ಕೇಳದೆ ಉಳಿದ ಮೂರನೇ ಪ್ರಶ್ನೆಯಿಂದ: ಎಷ್ಟು ಸಲ ಹೋಗಬೇಕು, ಎಷ್ಟು ದಿನ ಅಲ್ಲೇ ಇರಬೇಕು, ಅಷ್ಟು ದಿನ ಇಲ್ಲಿ ಹೊಲ, ದನ, ಸಾಲ ಯಾರು ನೋಡಿಕೊಳ್ಳಬೇಕು?

ಮೊದಲ ಸಲ ಬೆಂಗಳೂರಿಗೆ ಹೋಗುವಾಗ ಇಡೀ ಓಣಿ ಬಸ್ ಸ್ಟ್ಯಾಂಡಿಗೆ ಬಂದು ಕಳಿಸಿಕೊಡುತ್ತದೆ. ಐದನೇ ಸಲಕ್ಕೆ ಜೊತೆಗೆ ಬರುವವರು ಸಿಗುವುದಿಲ್ಲ, ಕೈಯಲ್ಲಿ ದುಡ್ಡಿರುವುದಿಲ್ಲ, ಹೊಲದಲ್ಲಿ ಕಳೆ ಎದ್ದಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ. ಪ್ರತಿ ಹಂತದಲ್ಲೂ ವೈದ್ಯರನ್ನು ಕೇಳಿ: ಇದರಲ್ಲಿ ಯಾವುದು ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು, ಯಾವುದು ನಮ್ಮ ಜಿಲ್ಲೆಯಲ್ಲೇ ಆಗಬಹುದು?

ಹಂತ 1: ಹೊರಡುವ ಮೊದಲು ಇಲ್ಲೇ ಮುಗಿಸಬಹುದಾದದ್ದು

ಅನುಮಾನ ಬಂದ ಕೂಡಲೇ ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗುವವರೇ ಹೆಚ್ಚು. ಅಲ್ಲಿ ಹೋದ ಮೇಲೆ ಬಯಾಪ್ಸಿ (ಗಂಟಿನದೋ ಹುಣ್ಣಿನದೋ ತುಣುಕು ತೆಗೆದು ಮಾಡುವ ಪರೀಕ್ಷೆ) ಮಾಡಿಸಿ, ರಿಪೋರ್ಟಿಗೆ ಕಾಯಿರಿ, ಸ್ಕ್ಯಾನಿಂಗಿಗೆ ದಿನ ತಗೊಳ್ಳಿ ಎಂದು ವಾರಗಟ್ಟಲೆ ಹೋಗುತ್ತದೆ. ಆ ದಿನಗಳ ಊಟ, ರೂಮು, ಓಡಾಟದ ಖರ್ಚು ಯಾವ ಯೋಜನೆಯಿಂದಲೂ ವಾಪಸ್ ಬರುವುದಿಲ್ಲ. ರೋಗ ಖಚಿತವಾಗುವ ಮೊದಲಿನ ಪರೀಕ್ಷೆಗಳ ದುಡ್ಡೂ ಸಾಮಾನ್ಯವಾಗಿ ನಮ್ಮ ಕೈಯಿಂದಲೇ ಹೋಗುವಂಥದ್ದು.

ಬಯಾಪ್ಸಿ, ರಕ್ತಪರೀಕ್ಷೆ, ಸಿ.ಟಿ. ಸ್ಕ್ಯಾನ್ ದಾವಣಗೆರೆಯಲ್ಲೇ ಆಗುತ್ತವೆ. ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, 1965ರಿಂದ ನಡೆಯುತ್ತಿರುವ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿದೆ, ಎಸ್.ಎಸ್. ವೈದ್ಯಕೀಯ ಕಾಲೇಜಿದೆ. ಚಿತ್ರದುರ್ಗದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆಯಿದೆ. ಬಯಾಪ್ಸಿ ರಿಪೋರ್ಟಿನ ಜೊತೆಗೆ ಸ್ಲೈಡ್‌ಗಳನ್ನೂ (ತುಣುಕನ್ನು ತೆಳ್ಳಗೆ ಕೊಯ್ದು ಅಂಟಿಸಿದ ಗಾಜು) ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಕೇಳಿ ತೆಗೆದುಕೊಳ್ಳಿ. ದೊಡ್ಡ ಆಸ್ಪತ್ರೆಯವರು ತಮ್ಮ ಲ್ಯಾಬಿನಲ್ಲಿ ಇನ್ನೊಮ್ಮೆ ನೋಡಬೇಕೆನ್ನುತ್ತಾರೆ. ಬ್ಲಾಕ್ ಕೈಯಲ್ಲಿದ್ದರೆ ಹೊಸದಾಗಿ ಚುಚ್ಚಿ ತುಣುಕು ತೆಗೆಯುವ ಕಷ್ಟ ಎಷ್ಟೋ ಸಲ ತಪ್ಪುತ್ತದೆ. ಸ್ಕ್ಯಾನಿನದು ಬರೀ ರಿಪೋರ್ಟ್ ಹಾಳೆ ಸಾಲದು, ಸಿ.ಡಿ. ಕೂಡ ಬೇಕು.

ಆದರೆ ಪರೀಕ್ಷೆಯ ನೆಪದಲ್ಲಿ ಇಲ್ಲೇ ತಿಂಗಳು ಕಳೆಯಬೇಡಿ. ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಎದೆಯಲ್ಲಿ ಗಂಟು, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತಸ್ರಾವ, ಇವು ಯಾವ ಕೆಲಸಕ್ಕೂ ಕಾಯುವಂಥವಲ್ಲ. ಚನ್ನಗಿರಿ, ಹೊಳಲ್ಕೆರೆಯ ಅಡಿಕೆ ಸೀಮೆಯವರಿಗೆ ಇನ್ನೊಂದು ಮಾತು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆ ಅಗಿಯುವುದನ್ನು ಕ್ಯಾನ್ಸರ್‌ಕಾರಕ ಎಂದು ಗುರುತಿಸಿದೆ. ತಂಬಾಕು ಸೇರಿದರೆ ಅಪಾಯ ಇನ್ನೂ ಹೆಚ್ಚು. ಅಡಿಕೆ ನಮ್ಮ ಬದುಕು, ಅದು ನನಗೂ ಗೊತ್ತು. ಹಾಗಂತ ಈ ವಿಷಯ ಮುಚ್ಚಿಡುವುದು ನಮ್ಮವರಿಗೇ ಮಾಡುವ ಮೋಸ.

ಹಂತ 2: ಎಲ್ಲಿಗೆ?

ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿ 1973ರಿಂದ ಇದೆ. ಹೊಸೂರು ರಸ್ತೆಯಲ್ಲಿ, ನಿಮ್ಹಾನ್ಸ್ ಪಕ್ಕದಲ್ಲಿ. ಬಡವರಿಗೆ ದೊಡ್ಡ ಆಸರೆ ಅದೇ, ಹಾಗಾಗಿ ಜನಸಂದಣಿಯೂ ಅಲ್ಲೇ ಹೆಚ್ಚು. ಹರಿಹರ, ಹೊನ್ನಾಳಿ ಕಡೆಯವರಿಗೆ ಹುಬ್ಬಳ್ಳಿ ಹತ್ತಿರ. ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಮಣಿಪಾಲಕ್ಕೆ ಹೋಗುವವರೂ ಬಹಳ, ಆದರೆ ಮಳೆಗಾಲದಲ್ಲಿ ಘಾಟಿ ರಸ್ತೆ ನೆನಪಿರಲಿ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ., ಚಿತ್ರದುರ್ಗದಿಂದ ಸುಮಾರು 200. ದಾವಣಗೆರೆಯಿಂದ ಹುಬ್ಬಳ್ಳಿಗೆ ಸುಮಾರು 150.

ಹೆಸರಿಗಿಂತ ಮೂರು ವಿಷಯ ನೋಡಿ. ನಿಮ್ಮ ರೋಗಕ್ಕೆ ಬೇಕಾದ ಆಪರೇಷನ್, ಕೀಮೊ (ಕ್ಯಾನ್ಸರ್ ಕಣ ಕೊಲ್ಲುವ ಔಷಧಿ), ರೇಡಿಯೇಷನ್ (ವಿಕಿರಣ ಚಿಕಿತ್ಸೆ) ಮೂರೂ ಒಂದೇ ಕಡೆ ಇವೆಯೇ? ನಿಮ್ಮ ಆಯುಷ್ಮಾನ್ ಕಾರ್ಡ್ ಅಲ್ಲಿ ನಡೆಯುತ್ತದೆಯೇ? ಆ ಊರಲ್ಲಿ ನಮ್ಮವರು ಅನ್ನುವವರು ಯಾರಾದರೂ ಇದ್ದಾರೆಯೇ? ಮೂರನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತಂಗಿಯ ಮನೆ ಹುಬ್ಬಳ್ಳಿಯಲ್ಲಿದ್ದು, ಚಿಕಿತ್ಸೆ ಎರಡೂ ಕಡೆ ಒಂದೇ ಎಂದು ವೈದ್ಯರು ಹೇಳಿದರೆ ಹುಬ್ಬಳ್ಳಿಯೇ ಸರಿ.

ಒಮ್ಮೆ ಒಂದು ಕಡೆ ಶುರು ಮಾಡಿದ ಮೇಲೆ ನೆಂಟರ ಮಾತು ಕೇಳಿ ನಡುವೆ ಆಸ್ಪತ್ರೆ ಬದಲಿಸಬೇಡಿ. ಎರಡನೇ ಅಭಿಪ್ರಾಯ ಬೇಕಿದ್ದರೆ ಚಿಕಿತ್ಸೆ ಶುರುವಾಗುವ ಮುಂಚೆಯೇ ತೆಗೆದುಕೊಳ್ಳಿ.

ಹಂತ 3: ಕಾರ್ಡು, ರೆಫರಲ್, ಫೈಲು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಗರಿಷ್ಠ 1.5 ಲಕ್ಷ. ಇಲ್ಲಿ ಮೂರು ಕಡೆ ಜನ ಎಡವುತ್ತಾರೆ.

ಒಂದು, ಆಭಾ ಕಾರ್ಡೇ ಆಯುಷ್ಮಾನ್ ಕಾರ್ಡ್ ಅಂದುಕೊಳ್ಳುವುದು. ಆಭಾ ಎನ್ನುವುದು ಆರೋಗ್ಯ ದಾಖಲೆಯ ಸಂಖ್ಯೆ ಮಾತ್ರ, ಅದರಿಂದ ಬಿಲ್ ಕಟ್ಟಲಾಗದು. ನಿಮ್ಮ ಕೈಯಲ್ಲಿರುವುದು ಯಾವುದು ಎಂದು ಆಶಾ ಕಾರ್ಯಕರ್ತೆಗೋ ಗ್ರಾಮ ಒನ್ ಕೇಂದ್ರದಲ್ಲೋ ತೋರಿಸಿ ಖಚಿತ ಮಾಡಿಕೊಳ್ಳಿ.

ಎರಡು, ಹೆಸರು. ಆಧಾರಿನಲ್ಲಿ ‘ಹಾಲಮ್ಮ’, ರೇಷನ್ ಕಾರ್ಡಿನಲ್ಲಿ ‘ಹಾಲವ್ವ’, ಆಸ್ಪತ್ರೆಯ ಚೀಟಿಯಲ್ಲಿ ‘ಹಾಲಮ್ಮ ಕೋಂ ಬಸಪ್ಪ’. ಊರಲ್ಲಿ ಮೂವರೂ ಒಬ್ಬರೇ ಎಂದು ಎಲ್ಲರಿಗೂ ಗೊತ್ತು, ಕೌಂಟರಿನಲ್ಲಿರುವ ಕಂಪ್ಯೂಟರಿಗೆ ಗೊತ್ತಿಲ್ಲ. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಕಾರ್ಡಿನಲ್ಲೇ ಇರುವುದು, ಬೇರೆಯಾದ ಅಣ್ಣತಮ್ಮಂದಿರ ಹೆಸರು ಒಂದೇ ಕಾರ್ಡಿನಲ್ಲಿರುವುದು, ಇವೆಲ್ಲ ಅಲ್ಲಿ ಹೋದ ಮೇಲೆ ಹೊರಬೀಳುತ್ತವೆ. ಬಯಾಪ್ಸಿ ರಿಪೋರ್ಟಿಗೆ ಕಾಯುವ ದಿನಗಳಲ್ಲೇ ಇದನ್ನು ಸರಿಮಾಡಿಸಿ. ಬೆರಳಚ್ಚು ಮೂಡದ ಹಿರಿಯರಿದ್ದರೆ ಆಧಾರ್‌ಗೆ ಫೋನ್ ನಂಬರ್ ಜೋಡಿಸಿಡಿ. ಹೊಲದಲ್ಲಿ ದುಡಿದ ಕೈಯ ಬೆರಳಚ್ಚು ಯಂತ್ರಕ್ಕೆ ಸಿಗದೇ ಹೋಗುವುದು ಸಾಮಾನ್ಯ, ಕೆಲವು ಕೀಮೊ ಔಷಧಿಗಳಿಂದ ಚರ್ಮ ಸುಲಿದು ಇನ್ನೂ ಕಷ್ಟವಾಗಬಹುದು.

ಮೂರು, ರೆಫರಲ್. ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಹೋಗಬೇಕೆಂದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕಾಗುತ್ತದೆ. ಅದಕ್ಕಾಗಿಯೇ ಬೆಂಗಳೂರಿನಿಂದ ವಾಪಸ್ ಬಂದವರಿದ್ದಾರೆ. ಹೊರಡುವ ಮೊದಲೇ ತೆಗೆದುಕೊಳ್ಳಿ, ನಾಲ್ಕು ಜೆರಾಕ್ಸ್ ಮಾಡಿಸಿ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ‘ಆರೋಗ್ಯ ಮಿತ್ರ’ ಎಂಬ ಸಿಬ್ಬಂದಿ ಇರುತ್ತಾರೆ. ದುಡ್ಡು ಕಟ್ಟುವ ಕೌಂಟರಿಗಿಂತ ಮೊದಲು ಅವರ ಹತ್ತಿರ ಹೋಗಿ. ಮುಂಗಡ ಅನುಮೋದನೆ ಬರುವ ಮೊದಲು ಕಟ್ಟಿದ ದುಡ್ಡು ಹಿಂದಿರುಗುವುದು ಕಷ್ಟ. ಮಾಹಿತಿಗೆ 104 ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಬಹುದು.

ಹಾಲಿನ ಡೇರಿಗೋ ಸೊಸೈಟಿಗೋ ಸದಸ್ಯರಾಗಿದ್ದವರು ಸಹಕಾರ ಸಂಘದವರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆಯನ್ನೂ ನೋಡಿ. 2022ರ ಕೊನೆಗೆ ಅದು ಮತ್ತೆ ಶುರುವಾದಾಗ ಗ್ರಾಮೀಣ ಭಾಗದ ನಾಲ್ಕು ಜನರ ಕುಟುಂಬಕ್ಕೆ ವರ್ಷದ ವಂತಿಗೆ 500 ರೂಪಾಯಿ ಇತ್ತು, ಚಿಕಿತ್ಸೆಯ ಮಿತಿ 5 ಲಕ್ಷ. ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ, ಎಲ್ಲ ಚಿಕಿತ್ಸೆಯೂ ಅದರ ಪಟ್ಟಿಯಲ್ಲಿ ಇರುವುದಿಲ್ಲ. ಕಾರ್ಯದರ್ಶಿಯನ್ನು ಮೊದಲೇ ಕೇಳಿ.

ಇನ್ನು ಫೈಲು. ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿದ ಚೀಟಿ, ಮಾತ್ರೆ, ಬಸ್ ಟಿಕೆಟ್ ಎಲ್ಲ ಒಟ್ಟಿಗೆ ತುಂಬಿಕೊಂಡು ವೈದ್ಯರ ಮುಂದೆ ಸುರಿಯುವುದನ್ನು ದಿನಾ ನೋಡಬಹುದು. ಹೊರಗೆ ನೂರಾರು ಜನ ಕಾಯುತ್ತಿರುವಾಗ ವೈದ್ಯರಿಗೆ ನಿಮಗೆಂದು ಸಿಗುವುದು ಕೆಲವೇ ನಿಮಿಷ. ಆ ನಿಮಿಷಗಳು ಚೀಟಿ ಹುಡುಕುವುದರಲ್ಲೇ ಹೋಗಬಾರದು. ಜಿಪ್ ಇರುವ ಒಂದು ಫೈಲು ತಗೊಳ್ಳಿ. ಮೇಲಿನ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ: ಹೆಸರು, ವಯಸ್ಸು, ಆಸ್ಪತ್ರೆಯ ನಂಬರ್, ರೋಗದ ಹೆಸರು, ಯಾವ ತಾರೀಖು ಯಾವ ಚಿಕಿತ್ಸೆ ಆಯಿತು, ಸಕ್ಕರೆ ಕಾಯಿಲೆ ಅಥವಾ ಬಿಪಿಗೆ ತಗೊಳ್ಳುವ ಮಾತ್ರೆ, ಯಾವ ಔಷಧಿ ಆಗಿಬರುವುದಿಲ್ಲ, ಜೊತೆಗಿರುವವರ ಫೋನ್. ಅದರ ಕೆಳಗೆ ಬಯಾಪ್ಸಿ, ಆಮೇಲೆ ಸ್ಕ್ಯಾನ್, ಆಮೇಲೆ ತಾರೀಖಿನ ಪ್ರಕಾರ ರಕ್ತಪರೀಕ್ಷೆ. ಕಾರ್ಡುಗಳಿಗೆ ಬೇರೆ ಕವರ್. ಎಲ್ಲದರ ಫೋಟೊ ಮಗನ ಫೋನಿನಲ್ಲೂ ಮನೆಯಲ್ಲಿ ಉಳಿದವರ ಫೋನಿನಲ್ಲೂ ಇರಲಿ.

ಹಂತ 4: ವೈದ್ಯರನ್ನು ಕೇಳಲೇಬೇಕಾದದ್ದು

ವೈದ್ಯರ ಎದುರು ನಮ್ಮವರಿಗೆ ಬಾಯಿ ಕಟ್ಟುತ್ತದೆ. ‘ನೀವು ಹೆಂಗ್ ಹೇಳ್ತೀರೋ ಹಂಗೆ ಸಾರ್’ ಅಂದು ಎದ್ದು ಬರುತ್ತಾರೆ. ಪ್ರಶ್ನೆಗಳನ್ನು ಮನೆಯಲ್ಲೇ ಚೀಟಿಯಲ್ಲಿ ಬರೆದುಕೊಂಡು ಹೋಗಿ.

‘ಒಟ್ಟು ಚಿಕಿತ್ಸೆ ಎಷ್ಟು ತಿಂಗಳು? ಅದರಲ್ಲಿ ಎಷ್ಟು ದಿನ ಇಲ್ಲೇ ಇರಬೇಕು?’ ಇದು ಮೊದಲನೆಯದು. ರೇಡಿಯೇಷನ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ದಿನಕ್ಕೆ ಕೆಲವೇ ನಿಮಿಷ. ಆದರೆ ಬಾಯಿ, ಗಂಟಲಿನ ಕ್ಯಾನ್ಸರಿಗೆ ಅದು ಆರೇಳು ವಾರ ನಡೆಯುವುದುಂಟು. ಹತ್ತು ನಿಮಿಷದ ಕೆಲಸಕ್ಕೆ ಒಂದೂವರೆ ತಿಂಗಳು ಊರು ಬಿಡಬೇಕು ಅನ್ನುವುದು ಮೊದಲೇ ಗೊತ್ತಿದ್ದರೆ ಅದಕ್ಕೆ ತಕ್ಕ ಹಾಗೆ ಸಿದ್ಧವಾಗಬಹುದು. ಸ್ತನ ಕ್ಯಾನ್ಸರಿನಲ್ಲಿ ಅನೇಕರಿಗೆ ಮೂರು ವಾರದಲ್ಲಿ ಮುಗಿಯುವ ಕ್ರಮವೂ ಇದೆ. ‘ನಾವು ದೂರದಿಂದ ಬಂದವರು, ನಮಗೆ ಕಡಿಮೆ ದಿನದ ಕ್ರಮ ಹೊಂದುತ್ತಾ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಹೊಂದುವುದಿಲ್ಲ ಎಂದರೆ ಒಪ್ಪಿಕೊಳ್ಳಿ, ಆದರೆ ಕೇಳದೆ ಬರಬೇಡಿ.

‘ನಡುವೆ ಊರಿಗೆ ಹೋಗಿ ಬರಬಹುದಾ?’ ಶನಿವಾರ, ಭಾನುವಾರ ಹೋಗಿ ಬರುವುದು ಬೇರೆ, ಹಬ್ಬಕ್ಕೋ ಬಿತ್ತನೆಗೋ ಒಂದು ವಾರ ತಪ್ಪಿಸುವುದು ಬೇರೆ. ರೇಡಿಯೇಷನ್ ನಡುವೆ ಬಿಡುವು ಬಿದ್ದರೆ ಉಳಿದ ಕ್ಯಾನ್ಸರ್ ಕಣಗಳು ಮತ್ತೆ ವೇಗವಾಗಿ ಬೆಳೆಯುತ್ತವೆ. ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಒಳಗಿನಿಂದ ಕೊಡುವ ರೇಡಿಯೇಷನ್ನೂ ಸೇರಿ ಇಡೀ ಚಿಕಿತ್ಸೆ ಎಂಟು ವಾರದೊಳಗೆ ಮುಗಿಯಬೇಕೆಂದು ವೈದ್ಯರು ಹಟ ಹಿಡಿಯುವುದು ಇದಕ್ಕೇ. ಯುಗಾದಿ ಮುಂದಿನ ವರ್ಷವೂ ಬರುತ್ತದೆ, ಈ ಎಂಟು ವಾರ ಮತ್ತೆ ಬರುವುದಿಲ್ಲ.

‘ಕೀಮೊ ನಮ್ಮ ಜಿಲ್ಲೆಯಲ್ಲೇ ತಗೊಳ್ಳಬಹುದಾ?’ ಕೀಮೊ ಬಹಳ ಸಲ 21 ದಿನಕ್ಕೊಮ್ಮೆ. ಕೆಲವು ಔಷಧಿಗಳನ್ನು ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವ ಹಾಗೆ ಕೊಡಬಹುದು. 2025ರಲ್ಲಿ ರಾಜ್ಯ ಸರ್ಕಾರ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥ ಡೇ ಕೇರ್ ಕೀಮೊ ಕೇಂದ್ರಗಳನ್ನು ಆರಂಭಿಸಿತು. ನಿಮ್ಮ ಜಿಲ್ಲೆಯ ಕೇಂದ್ರದಲ್ಲಿ ನಿಮಗೆ ಬರೆದ ಔಷಧಿ ಕೊಡುತ್ತಾರೆಯೇ ಎಂದು ವಿಚಾರಿಸಿ, ದೊಡ್ಡ ಆಸ್ಪತ್ರೆಯ ವೈದ್ಯರಿಂದ ಔಷಧಿಯ ಹೆಸರು, ಪ್ರಮಾಣ, ಎಷ್ಟನೇ ಸರದಿ ಎಂಬುದನ್ನು ಸ್ಪಷ್ಟವಾಗಿ ಬರೆಸಿಕೊಂಡು ಬನ್ನಿ. ಅದಾಗದಿದ್ದರೂ ಪ್ರತಿ ಕೀಮೊಗೆ ಮುಂಚಿನ ರಕ್ತಪರೀಕ್ಷೆಯನ್ನಾದರೂ ಊರ ಹತ್ತಿರವೇ ಮಾಡಿಸಿ, ರಿಪೋರ್ಟ್ ಫೋನಿನಲ್ಲಿ ಕಳಿಸಬಹುದೇ ಕೇಳಿ. ರಕ್ತಕಣ ಕಡಿಮೆಯಿದ್ದರೆ ಕೀಮೊ ಮುಂದಕ್ಕೆ ಹಾಕುತ್ತಾರೆ. 260 ಕಿ.ಮೀ. ಹೋದ ಮೇಲೆ ‘ಮುಂದಿನ ವಾರ ಬನ್ನಿ’ ಅನ್ನಿಸಿಕೊಳ್ಳುವುದು ಇದರಿಂದ ತಪ್ಪುತ್ತದೆ.

‘ಹಲ್ಲು ತೋರಿಸಬೇಕಾ?’ ಬಾಯಿ, ಗಂಟಲಿಗೆ ರೇಡಿಯೇಷನ್ ಕೊಡುವ ಮೊದಲು ಹುಳುಕು ಹಲ್ಲುಗಳನ್ನು ತೆಗೆಸಬೇಕಾಗುತ್ತದೆ, ಗಾಯ ಮಾಯಲು ಹತ್ತು ದಿನದಿಂದ ಎರಡು ವಾರ ಬೇಕು. ರೇಡಿಯೇಷನ್ ಆದ ಮೇಲೆ ಕಿತ್ತರೆ ದವಡೆಯ ಮೂಳೆಗೇ ಅಪಾಯ. ದಾವಣಗೆರೆಯಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ರೇಡಿಯೇಷನ್ ವೈದ್ಯರ ಚೀಟಿ ಹಿಡಿದುಕೊಂಡು ಬಂದು ಈ ಕೆಲಸವನ್ನು ಊರಲ್ಲೇ ಮುಗಿಸಿಕೊಳ್ಳಬಹುದು.

ಹಂತ 5: ಹೊಲ, ದನ, ಸಾಲ

‘ಈ ಸಲದ ಜೋಳ ಮುರುದು ರಾಶಿ ಆಗ್ಲಿ ತಡಿಯಪ್ಪ, ಆಮೇಲೆ ಹೋಗಾನ.’ ಜಗಳೂರಿನಿಂದ ಹೊಸದುರ್ಗದವರೆಗೆ ಎಷ್ಟು ಮನೆಯಲ್ಲಿ ಅವ್ವಂದಿರು ಮಗನಿಗೆ ಈ ಮಾತು ಹೇಳಿಲ್ಲ! ಹೆಂಗಸರು ಇದನ್ನು ಇನ್ನೂ ಹೆಚ್ಚಾಗಿ ಹೇಳುತ್ತಾರೆ, ಯಾಕೆಂದರೆ ಹಾಲು ಕರೆಯುವುದು, ಒಲೆ ಹಚ್ಚುವುದು, ಮೊಮ್ಮಕ್ಕಳನ್ನು ಶಾಲೆಗೆ ಕಳಿಸುವುದು ಎಲ್ಲ ಅವರ ಮೇಲೆಯೇ ಇರುತ್ತದೆ. ‘ಹೋಗ್ಬೇಕವ್ವ’ ಎಂದು ಬಾಯಲ್ಲಿ ಹೇಳಿದರೆ ಅವರು ಹೊರಡುವುದಿಲ್ಲ. ಆ ಕೆಲಸಗಳನ್ನು ಯಾರು ಮಾಡುತ್ತಾರೆ ಎಂಬುದು ಕಣ್ಣಮುಂದೆ ಇತ್ಯರ್ಥವಾದರೆ ಹೊರಡುತ್ತಾರೆ.

ಅಣ್ಣತಮ್ಮಂದಿರು, ಅಳಿಯ, ಪಕ್ಕದ ಹೊಲದವರು ಒಂದು ಸಂಜೆ ಕೂತು ಕೆಲಸ ಹಂಚಿಕೊಳ್ಳಿ. ಭದ್ರಾ ಕಾಲುವೆಯ ಗದ್ದೆಯಾದರೆ ನೀರಿನ ಸರದಿ ಯಾರು ನೋಡಬೇಕು, ಬೋರ್‌ವೆಲ್ ತೋಟವಾದರೆ ರಾತ್ರಿ ಕರೆಂಟ್ ಬಂದಾಗ ಯಾರು ಮೋಟರು ಹಾಕಬೇಕು, ಹೆಸರು ಹಿಡಿದು ಹೇಳಿಕೊಳ್ಳಿ. ‘ಎಲ್ರೂ ನೋಡ್ಕೊಂತೀವಿ ಬಿಡು’ ಎಂದರೆ ಯಾರೂ ನೋಡುವುದಿಲ್ಲ. ಆರು ತಿಂಗಳಿಗಿಂತ ಹೆಚ್ಚು ಓಡಾಟವಿದೆಯೆಂದು ವೈದ್ಯರು ಹೇಳಿದ್ದರೆ ಒಂದು ವರ್ಷದ ಮಟ್ಟಿಗೆ ಹೊಲ ಕೋರಿಗೋ ಗುತ್ತಿಗೆಗೋ ಕೊಡುವುದು, ಅಡಿಕೆ ತೋಟ ಚೇಣಿಗೆ ಕೊಡುವುದು ಒಳ್ಳೆಯದು. ಆದಾಯ ಸ್ವಲ್ಪ ಕಡಿಮೆ ಬಂದರೂ ಚಿಂತೆ ತಪ್ಪುತ್ತದೆ. ಕರಾರು ಬರೆದಿಟ್ಟುಕೊಳ್ಳಿ.

ದನದ ವಿಷಯದಲ್ಲಿ ಆತುರ ಬೇಡ. ಎಲ್ಲ ಮಾರಿಬಿಟ್ಟರೆ ಡೇರಿಯ ವಾರದ ದುಡ್ಡು ನಿಲ್ಲುತ್ತದೆ, ಹಾಲು ಹಾಕದೆ ಹೋದರೆ ಸಂಘದ ಸದಸ್ಯತ್ವಕ್ಕೂ ಅದರ ಜೊತೆಗಿನ ಸೌಲಭ್ಯಗಳಿಗೂ ತೊಡಕಾಗಬಹುದು. ಒಂದು ಕರೆಯುವ ಹಸು ಉಳಿಸಿಕೊಂಡು ಉಳಿದವನ್ನು ನೆಂಟರ ಮನೆಗೆ ಕಟ್ಟುವುದು ನಮ್ಮ ಕಡೆ ಮೊದಲಿನಿಂದಲೂ ಇದ್ದದ್ದೇ.

ಸಾಲದ ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸಹಕಾರ ಸಂಘದ ಬೆಳೆಸಾಲಕ್ಕೆ ರಾಜ್ಯ ಸರ್ಕಾರ 5 ಲಕ್ಷದವರೆಗೆ ಬಡ್ಡಿ ಇಲ್ಲದಂತೆ ಮಾಡಿದೆ, ಆದರೆ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಬೆಂಗಳೂರಿನಲ್ಲಿ ಇದ್ದಾಗ ಆ ಗಡುವು ದಾಟಿಹೋದರೆ ಬಡ್ಡಿ ಬೀಳುತ್ತದೆ. ಕಟ್ಟಲಾಗದು ಅನ್ನಿಸಿದರೆ ಗಡುವಿಗೆ ಮೊದಲೇ ಆಸ್ಪತ್ರೆಯ ಕಾಗದ ಹಿಡಿದುಕೊಂಡು ಬ್ಯಾಂಕಿಗೋ ಸೊಸೈಟಿಗೋ ಹೋಗಿ ಮಾತಾಡಿ, ಲಿಖಿತವಾಗಿ ಕೊಡಿ. ಬೆಳೆ ವಿಮೆ ಕಟ್ಟುವುದು, ಬೆಳೆ ಸಮೀಕ್ಷೆಯಲ್ಲಿ ನಮ್ಮ ಬೆಳೆ ಸರಿಯಾಗಿ ದಾಖಲಾಗಿದೆಯೇ ನೋಡುವುದು ಒಬ್ಬರ ಜವಾಬ್ದಾರಿ ಆಗಲಿ. ಆಲಿಕಲ್ಲು, ನೆರೆಯಂಥ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮ ವಿಮೆಯಲ್ಲಿದೆ, ರೋಗಿಯ ಹಾಸಿಗೆ ಪಕ್ಕ ಕೂತವರಿಗೆ ಅದು ನೆನಪಾಗುವುದಿಲ್ಲ. ಪಹಣಿ ಯಾರ ಹೆಸರಿನಲ್ಲಿದೆಯೋ ಅವರೇ ರೋಗಿಯಾಗಿದ್ದರೆ ಬ್ಯಾಂಕ್ ಖಾತೆಯನ್ನು ಜಂಟಿ ಮಾಡಿಸಿ.

ಹಣಕ್ಕೆ ಮೊದಲು ಯೋಜನೆಗಳು, ಆಮೇಲೆ ಬ್ಯಾಂಕಿನ ಚಿನ್ನದ ಸಾಲ, ಆಮೇಲೆ ಉಳಿದದ್ದು. ಎಪಿಎಂಸಿ ದಲ್ಲಾಳಿ ಅಂಗಡಿಯ ಮುಂಗಡ ಸುಲಭವಾಗಿ ಸಿಗುತ್ತದೆ, ಆದರೆ ಮುಂದಿನ ಬೆಳೆ ಅವರ ಅಂಗಡಿಗೇ, ಅವರು ಹೇಳಿದ ರೇಟಿಗೇ ಹೋಗುತ್ತದೆ. ಹೊಲ ಮಾರುವ ಮಾತನ್ನು ಮೊದಲ ತಿಂಗಳಲ್ಲಿ ಯಾರೂ ಎತ್ತಬೇಡಿ. ಹೆದರಿಕೆಯಲ್ಲಿರುವ ಮನೆಯ ಹೊಲಕ್ಕೆ ಅರ್ಧ ಬೆಲೆ ಕೇಳುವವರು ಎಲ್ಲ ಊರಲ್ಲೂ ಇರುತ್ತಾರೆ. ಒಟ್ಟು ಅಂದಾಜು ವೆಚ್ಚವನ್ನು ಆಸ್ಪತ್ರೆಯಿಂದ ಬರೆಸಿಕೊಳ್ಳಿ. ಅದೇ ಕಾಗದ ಮುಖ್ಯಮಂತ್ರಿ ಪರಿಹಾರ ನಿಧಿಯ ಅರ್ಜಿಗೂ ಬೇಕು. ಶಾಸಕರ ಕಚೇರಿಯ ಮೂಲಕ ಅರ್ಜಿ ಹಾಕಿಸಬಹುದು, ಮೂಲ ಬಿಲ್ಲುಗಳನ್ನು ಜೋಪಾನ ಮಾಡಿ.

ಹಂತ 6: ಪ್ರಯಾಣ, ತಂಗುವ ಜಾಗ

ಕ್ಯಾನ್ಸರ್ ರೋಗಿಗಳಿಗೆ ರೈಲಿನಲ್ಲಿ ದೊಡ್ಡ ರಿಯಾಯಿತಿ ಇದೆ, ಆದರೆ ನಮ್ಮ ಕಡೆ ಬಹಳ ಮಂದಿಗೆ ಗೊತ್ತೇ ಇಲ್ಲ. ಚಿಕಿತ್ಸೆಗೋ ತಪಾಸಣೆಗೋ ಹೋಗಿಬರುವಾಗ ಸ್ಲೀಪರ್ ಮತ್ತು ಮೂರನೇ ಎಸಿಯಲ್ಲಿ ರೋಗಿಗೆ ಪೂರ್ತಿ, ಜೊತೆಗಿರುವ ಒಬ್ಬರಿಗೆ ಶೇ. 75. ಸೆಕೆಂಡ್ ಕ್ಲಾಸ್, ಎಸಿ ಚೇರ್ ಕಾರಿನಲ್ಲಿ ಇಬ್ಬರಿಗೂ ಶೇ. 75. ಅದಕ್ಕೆ ಆಸ್ಪತ್ರೆಯ ವೈದ್ಯರು ನಿಗದಿತ ನಮೂನೆಯಲ್ಲಿ ಸಹಿ, ಸೀಲು ಹಾಕಿದ ಪ್ರಮಾಣಪತ್ರ ಬೇಕು, ಟಿಕೆಟನ್ನು ಸ್ಟೇಷನ್ ಕೌಂಟರಿನಲ್ಲಿ ತೆಗೆಸಿ. ಮೊದಲ ಭೇಟಿಯಲ್ಲೇ ನಮೂನೆ ಕೇಳಿ ಪಡೆದರೆ ವಾಪಸ್ ಬರುವಾಗಿನಿಂದಲೇ ಉಪಯೋಗ. ದಾವಣಗೆರೆ, ಹರಿಹರದವರಿಗೆ ಬೆಂಗಳೂರು–ಹುಬ್ಬಳ್ಳಿ ಮಾರ್ಗ ಮನೆಮುಂದೆಯೇ ಇದೆ. ಹೊಳಲ್ಕೆರೆ ಕಡೆಯವರು ಚಿಕ್ಕಜಾಜೂರಿನಲ್ಲಿ ಹತ್ತಬಹುದು. ಚಳ್ಳಕೆರೆ, ಹಿರಿಯೂರಿನವರಿಗೆ ಬಸ್ಸೇ ಅನುಕೂಲ.

ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಪ್ರಯಾಣವಿದೆ. ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿಗೆ ಮಾತ್ರ, ರಾಜಹಂಸ, ಸ್ಲೀಪರಿಗೆ ಇಲ್ಲ. ರೋಗಿ ಹೆಂಗಸಾಗಿದ್ದು ಜೊತೆಗೆ ಅಕ್ಕನೋ ಸೊಸೆಯೋ ಬಂದರೆ ಇಬ್ಬರ ಬಸ್ ಖರ್ಚೂ ಉಳಿಯುತ್ತದೆ. ಹಾಗಂತ ಕೀಮೊ ಆದ ದಿನವೇ ಆರೇಳು ಗಂಟೆ ಕೂರಿಸಿಕೊಂಡು ಬರಬೇಡಿ. ವಾಂತಿ, ಸುಸ್ತು ಅದೇ ರಾತ್ರಿ ಶುರುವಾಗುವುದುಂಟು. ಒಂದು ರಾತ್ರಿ ಅಲ್ಲೇ ತಂಗಿ. ಹೋಗುವಾಗಲೂ ಹಿಂದಿನ ಸಂಜೆ ತಲುಪಿ ನಿದ್ದೆ ಮಾಡಿ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ. ಮೆಜೆಸ್ಟಿಕ್‌ನಿಂದ ಹೊಸೂರು ರಸ್ತೆ ಕಡೆಯ ಬಿಎಂಟಿಸಿ ಬಸ್ಸುಗಳು ಸಿಗುತ್ತವೆ.

ಕಿದ್ವಾಯಿ ಆವರಣದಲ್ಲಿ ಧರ್ಮಶಾಲೆ ಇದೆ. ಜಾಗ ಬೇಗ ತುಂಬುವುದರಿಂದ ನೋಂದಣಿಯ ದಿನವೇ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ. ಆರೇಳು ವಾರ ಇರಬೇಕಾದರೆ ಅಡುಗೆ ಮಾಡಿಕೊಳ್ಳಲು ಬಿಡುವ ರೂಮು ಹುಡುಕಿ, ಇನ್ನೊಂದು ಕುಟುಂಬದ ಜೊತೆ ಹಂಚಿಕೊಂಡರೆ ಬಾಡಿಗೆ ಅರ್ಧವಾಗುತ್ತದೆ. ‘ಬೇಗ ಬೆಡ್ ಕೊಡಿಸ್ತೀನಿ, ಬೇಗ ಡೇಟ್ ಕೊಡಿಸ್ತೀನಿ’ ಎಂದು ಹತ್ತಿರ ಬರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಜೊತೆಗಾರರು ಇಬ್ಬರಿದ್ದು ಸರದಿಯ ಮೇಲೆ ಬದಲಾಗಲಿ. ಒಬ್ಬರೇ ಕೊನೆಯವರೆಗೂ ಎಳೆದರೆ ಅವರೂ ಕಾಯಿಲೆ ಬೀಳುತ್ತಾರೆ. ಬದಲಾಗುವ ದಿನ ಫೈಲು ಎದುರಿಟ್ಟುಕೊಂಡು ಆದದ್ದು, ಆಗಬೇಕಾದದ್ದು ಎಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು.

ಹಂತ 7: ಕೀಮೊಗಳ ನಡುವೆ ಊರಲ್ಲಿದ್ದಾಗ

ಇದನ್ನು ಇಡೀ ಮನೆಯವರು ಓದಬೇಕು. ಕೀಮೊ ಆದ ಒಂದು ವಾರದಿಂದ ಎರಡು ವಾರದ ನಡುವೆ ಬಿಳಿ ರಕ್ತಕಣಗಳು ತೀರಾ ಕಡಿಮೆಯಾಗುತ್ತವೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಅದು ತುರ್ತು ಪರಿಸ್ಥಿತಿ. ‘ಬೆಳಿಗ್ಗೆ ನೋಡೋಣ’ ಎನ್ನುವಂತಿಲ್ಲ, ಜ್ವರದ ಮಾತ್ರೆ ನುಂಗಿ ಮಲಗುವಂತಿಲ್ಲ. ಮನೆಯಲ್ಲಿ ಥರ್ಮಾಮೀಟರ್ ಇರಲಿ. ರಾತ್ರಿಯಾದರೂ 108 ಕರೆದು ಜಿಲ್ಲಾ ಆಸ್ಪತ್ರೆಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಹೋಗಿ, ಒಳಗೆ ಕಾಲಿಟ್ಟ ಕೂಡಲೇ ಹೇಳಿ: ‘ಇಂಥ ತಾರೀಖು ಕೀಮೊ ಆಗಿದೆ, ಈಗ ಜ್ವರ ಬಂದಿದೆ, ರಕ್ತಕಣ ಕಡಿಮೆ ಆಗಿರಬಹುದು.’ ಫೈಲಿನ ಮೇಲಿನ ಹಾಳೆ ತೋರಿಸಿ. ಇದಕ್ಕಾಗಿ ಬೆಂಗಳೂರಿಗೆ ಓಡಬೇಡಿ, ದಾರಿಯಲ್ಲಿ ಕಳೆಯುವ ಐದು ಗಂಟೆಯೇ ಪ್ರಾಣಕ್ಕೆ ಮುಳುವಾಗಬಹುದು. ಊರಿನ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಸೂಜಿ ಹಾಕಿಸಬೇಡಿ. ರಕ್ತ ಹೆಪ್ಪುಗಟ್ಟಿಸುವ ಕಣಗಳೂ ಕಡಿಮೆಯಿದ್ದರೆ ಒಳಗೇ ರಕ್ತಸ್ರಾವವಾಗುತ್ತದೆ.

ಆ ದಿನಗಳಲ್ಲಿ ರೋಗಿ ತಿಪ್ಪೆ ತೆಗೆಯುವುದು, ಕೊಟ್ಟಿಗೆ ಬಳಿಯುವುದು ಬೇಡ. ಬೂಷ್ಟು ಹಿಡಿದ ಮೆಕ್ಕೆಜೋಳ ತೂರುವುದು, ಹಳೇ ಬಣವೆಯ ಹುಲ್ಲು ಎಳೆಯುವುದು ಇನ್ನೂ ಅಪಾಯ. ಆ ಧೂಳಿನ ಬೂಷ್ಟು ಶ್ವಾಸಕೋಶಕ್ಕೆ ಹೋಗಿ ಕೂರುತ್ತದೆ. ಕೀಟನಾಶಕ ಸಿಂಪಡಿಸುವ ಹೊಲದ ಹತ್ತಿರವೂ ಬೇಡ. ಕೆಲವು ಕೀಮೊ ಔಷಧಿಗಳಿಂದ ಪಾದ ಜೋಮು ಹಿಡಿದು ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ಬರಿಗಾಲಲ್ಲಿ ಹೊಲಕ್ಕೆ ಹೋಗುವ ಅಭ್ಯಾಸವಿದ್ದವರು ಚಪ್ಪಲಿ, ಬೂಟು ಹಾಕಲೇಬೇಕು.

ಊಟ ಬಿಸಿಯಾಗಿ, ಚೆನ್ನಾಗಿ ಬೆಂದಿರಲಿ. ಬಾಯಿ ಹುಣ್ಣಾದಾಗ ಖಡಕ್ ರೊಟ್ಟಿ, ಖಾರ, ಮಿರ್ಚಿ ಬಿಟ್ಟು ರಾಗಿ ಗಂಜಿ, ಮೆತ್ತನೆ ಮುದ್ದೆ, ಬೇಳೆ ಕಟ್ಟು, ಮೊಟ್ಟೆ ಕೊಡಿ. ಉಗುರುಬೆಚ್ಚಗಿನ ನೀರಿಗೆ ಉಪ್ಪು, ಅಡುಗೆ ಸೋಡಾ ಹಾಕಿ ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸಿದರೆ ಹಿತ. ರೇಡಿಯೇಷನ್ ಆಗುತ್ತಿರುವ ಚರ್ಮಕ್ಕೆ ಅರಿಶಿನ, ಎಣ್ಣೆ, ವಿಭೂತಿ ಹಚ್ಚಬೇಡಿ, ಅಲ್ಲಿ ಹಾಕಿದ ಗುರುತನ್ನು ಉಜ್ಜಿ ತೊಳೆಯಬೇಡಿ. ನಾಟಿ ಔಷಧಿ ತಗೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ. ಬೈಯುತ್ತಾರೆ ಅಂತ ಮುಚ್ಚಿಟ್ಟರೆ ಲಿವರ್ ಕೆಟ್ಟಾಗ ಯಾಕೆ ಕೆಟ್ಟಿತು ಎಂದು ಅವರಿಗೆ ತಿಳಿಯುವುದಿಲ್ಲ.

ಕ್ಯಾನ್ಸರ್ ಅಂಟುರೋಗವಲ್ಲ. ತಟ್ಟೆ ಲೋಟ ಬೇರೆ ಮಾಡುವುದು, ಮೊಮ್ಮಕ್ಕಳನ್ನು ಹತ್ತಿರ ಬಿಡದಿರುವುದು ರೋಗಿಗೆ ರೋಗಕ್ಕಿಂತ ಹೆಚ್ಚು ನೋವು ಕೊಡುತ್ತದೆ.

ಹಂತ 8: ಓಡಾಟ ಸಾಕು ಎನ್ನುವ ಹೊತ್ತು

ಕೆಲವರ ವಿಷಯದಲ್ಲಿ ವೈದ್ಯರು ‘ಊರಿಗೆ ಕರ್ಕೊಂಡು ಹೋಗಿ’ ಅನ್ನುತ್ತಾರೆ. ಆಗಲೂ ಒಂದು ಪ್ರಶ್ನೆ ಕೇಳಿಯೇ ಎದ್ದು ಬನ್ನಿ: ‘ನೋವಿಗೆ ಏನು ಮಾಡಬೇಕು?’ ಮಾರ್ಫಿನ್ ಮಾತ್ರೆ ಎಲ್ಲ ಮೆಡಿಕಲ್ ಸ್ಟೋರಿನಲ್ಲಿ ಸಿಗುವುದಿಲ್ಲ. ಎಲ್ಲಿ ಸಿಗುತ್ತದೆ, ಚೀಟಿ ಎಷ್ಟು ದಿನ ನಡೆಯುತ್ತದೆ, ಮುಂದಿನ ಸಲ ರೋಗಿಯ ಬದಲು ಮನೆಯವರು ಬಂದು ತಗೊಂಡು ಹೋಗಬಹುದೇ, ಇದೆಲ್ಲ ಅಲ್ಲೇ ಕೇಳಿಕೊಳ್ಳಿ. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ಸಿಗುತ್ತದೆ. ಮನೆಯಲ್ಲೇ ಇರಬೇಕೆಂದು ರೋಗಿ ಬಯಸಿದರೆ ಅದೂ ಸರಿಯೇ. ಹಿರಿಯರಿಗೆ ಏನು ಬೇಕು ಎಂದು ಅವರನ್ನೇ ಕೇಳಿ. ಮಕ್ಕಳು ಕೂತು ನಿರ್ಧರಿಸಿ ಇನ್ನೊಂದು ಆಸ್ಪತ್ರೆಗೆ, ಮತ್ತೊಂದು ಆಸ್ಪತ್ರೆಗೆ ಅಂತ ಎಳೆದಾಡುವುದು ಪ್ರೀತಿಯಿಂದಲೇ ಆದರೂ, ಆ ದಾರಿಯ ಸುಸ್ತು ಪಡುವವರು ಅವರು.

ಹಂತ 9: ಚಿಕಿತ್ಸೆ ಮುಗಿದ ಮೇಲೆ

ಮೊದಲ ಎರಡು ವರ್ಷ ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ತಪಾಸಣೆ ಇರುತ್ತದೆ. ಚೆನ್ನಾಗಿದ್ದೀನಿ ಎಂದು ಇದನ್ನು ಬಿಡುವವರೇ ಬಹಳ. ರಕ್ತಪರೀಕ್ಷೆ, ಸ್ಕ್ಯಾನ್ ಮೊದಲೇ ಊರಲ್ಲಿ ಮಾಡಿಸಿಕೊಂಡು ಹೋಗುವ ಹಾಗೆ ಚೀಟಿ ಬರೆಸಿಕೊಳ್ಳಿ, ಎರಡು ವಿಭಾಗದ ವೈದ್ಯರನ್ನು ನೋಡಬೇಕಿದ್ದರೆ ಒಂದೇ ದಿನಕ್ಕೆ ತಾರೀಖು ಕೇಳಿ. ರೈಲು ರಿಯಾಯಿತಿ ತಪಾಸಣೆಗೂ ಅನ್ವಯಿಸುತ್ತದೆ. ಗಂಟಲಿನ ಧ್ವನಿಪೆಟ್ಟಿಗೆ ತೆಗೆದು ಮಾತು ಹೋಗಿದ್ದರೆ, ಕೈಕಾಲು ತೆಗೆದಿದ್ದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಹೊಲದ ಕೆಲಸಕ್ಕೆ ಯಾವಾಗ ಮರಳಬಹುದು ಎನ್ನುವುದನ್ನು ಕೆಲಸದ ಹೆಸರು ಹೇಳಿಯೇ ವೈದ್ಯರನ್ನು ಕೇಳಿ. ‘ಕೆಲಸ ಮಾಡಬಹುದಾ’ ಎಂದರೆ ಅವರು ‘ಮಾಡಿ’ ಅನ್ನುತ್ತಾರೆ, ಮೂಟೆ ಹೊರುವುದು ಅವರ ಕಣ್ಣಿಗೆ ಬಂದಿರುವುದಿಲ್ಲ. ಸ್ತನದ ಆಪರೇಷನ್ನಿನಲ್ಲಿ ಕಂಕುಳಿನ ಗ್ರಂಥಿ ತೆಗೆದಿದ್ದರೆ ಆ ಕೈಯಲ್ಲಿ ಭಾರದ ಕೊಡ ಎತ್ತುವುದು, ಕುಡುಗೋಲಿನ ಗಾಯ, ಮುಳ್ಳಿನ ಗಾಯ ಇವುಗಳಿಂದ ಕೈ ಬಾತುಕೊಳ್ಳಬಹುದು. ಕಳೆ ತೆಗೆಯುವಾಗ ಆ ಕೈಗೆ ಗ್ಲೌಸ್ ಹಾಕಿ, ಬಾವು ಕಂಡ ದಿನವೇ ತೋರಿಸಿ. ಹೊಟ್ಟೆಯ ಆಪರೇಷನ್ ಆದವರು ಪಂಪು ಬೆನ್ನಿಗೆ ಕಟ್ಟುವುದು, ಮೋಟರು ಎತ್ತುವುದು ಯಾವಾಗಿನಿಂದ ಎಂದು ಕೇಳಿ. ಮೊದಲ ಹಂಗಾಮಿನಲ್ಲಿ ನೀರು ಕಟ್ಟುವುದು, ಕಾವಲು, ಲೆಕ್ಕ ಬರೆಯುವುದರಿಂದ ಶುರು ಮಾಡಿ, ಸುಸ್ತು ಎಷ್ಟರಲ್ಲಿ ಬರುತ್ತದೆ ನೋಡಿಕೊಂಡು ಮುಂದಿನದಕ್ಕೆ ಕೈ ಹಾಕಿ.